ಇಳಿಯಲಾರದ ಸೈಕಲ್ಲು

"ಇನ್ನೆರಡು ತಿಂಗಳಲ್ಲಿ ನಲವತ್ನಾಲ್ಕು ಇಂಚಿನ ಈ ಸೊಂಟವನ್ನು ಮೂವತ್ತಾರಕ್ಕೆ ಇಳಿಸದಿದ್ದರೆ, ನಾನು ಕತ್ತರಿ ಹಿಡಿದ ಟೈಲರೇ ಅಲ್ಲ!"

ಹೀಗೆಂದು ನಾನು ಘರ್ಜಿಸಿದ್ದು ನನ್ನದೇ ಅಂಗಡಿಯಲ್ಲಿ, ಇಸ್ತ್ರಿ ಮೇಜಿನ ಮುಂದೆ. ಕಾರಣವಿತ್ತು. ಆ ದಿನ ಬೆಳಿಗ್ಗೆ ಹಲ್ಲಿನ ಡಾಕ್ಟರಿಗೆ ಪ್ಯಾಂಟಿನ ಅಳತೆ ತೆಗೆಯುತ್ತಾ, "ಹೋದ ಸಲಕ್ಕಿಂತ ಎರಡಿಂಚು ಜಾಸ್ತಿ ಆಗಿದ್ದೀರಿ, ಸ್ವಲ್ಪ ಬಾಯಿ ಕಟ್ಟಿ ಡಾಕ್ಟ್ರೇ" ಎಂದು ಉಪದೇಶ ಮಾಡಿದ್ದೆ. ಬಗ್ಗಿದವನು ಎದ್ದು ನಿಂತು ಉಸಿರು ತೆಗೆದುಕೊಂಡೆ ನೋಡಿ, ನನ್ನ ಅಂಗಿಯ ಗುಂಡಿಯೊಂದು ಟಪ್ಪನೆ ಹಾರಿ ಅವರ ಕನ್ನಡಕಕ್ಕೆ ಬಡಿಯಿತು!

"ಬೇರೆಯವರ ಉಪದೇಶ ಕಿವಿಗೆ ಬೀಳುತ್ತೆ ಮಾಸ್ಟ್ರೇ, ನಿಮ್ಮದು ಸೀದಾ ಕಣ್ಣಿಗೇ ಬಿತ್ತು!" ಎಂದರು ಡಾಕ್ಟರು.

ಅವರು ಹೋದ ಮೇಲೆ ನನ್ನ ಭೀಷಣ ಪ್ರತಿಜ್ಞೆ ನಡೆಯಿತು. ಮೂಲೆಯಲ್ಲಿ ಕೂತು ಅಂಗಿಯ ಗುಂಡಿತೂತುಗಳಿಗೆ ಕಾಜಾ ಹಾಕುತ್ತಿದ್ದ ನನ್ನವಳು ತಲೆ ಎತ್ತಲಿಲ್ಲ.

"ಹೇಗೆ ಇಳಿಸ್ತೀರಿ?"

"ಮುಂದಿನ ಬೀದೀಲಿ ಸೈಕಲ್ ಕ್ಲಾಸ್ ಶುರುವಾಗಿದೆ. ರೂಮಿನೊಳಗೇ ತುಳಿಯೋದು. ಮುಕ್ಕಾಲು ಗಂಟೇಲಿ ಇಪ್ಪತ್ತು ಕಿಲೋಮೀಟರ್!"

"ಎಲ್ಲಿಗೆ ಹೋಗ್ತೀರಿ?"

"ಎಲ್ಲಿಗೂ ಇಲ್ಲ. ಇದ್ದಲ್ಲೇ ಇರೋದು."

"ಇಪ್ಪತ್ತೆರಡು ವರ್ಷದಿಂದ ಹೊಲಿಗೆ ಮಿಷನ್ ಮೇಲೆ ಅದನ್ನೇ ಮಾಡ್ತಿದ್ದೀರಲ್ರೀ! ಅದರಿಂದ ಬಂದ ಹೊಟ್ಟೇನೇ ಅಲ್ವಾ ಇದು?"

ಮಹತ್ಕಾರ್ಯಕ್ಕೆ ಹೊರಟವರು ಇಂಥ ಮಾತಿಗೆ ಕಿವಿಗೊಡಬಾರದು. ಕ್ಲಾಸಿಗೆ ಬೇಕಾದ ಬಿಗಿ ಪ್ಯಾಂಟನ್ನು ಅಂಗಡಿಯಿಂದ ಕೊಳ್ಳುವುದು ನನ್ನಂಥ ಕಸಬುದಾರನಿಗೆ ಅವಮಾನ. ನಾನೇ ಹೊಲಿದೆ. ನನ್ನ ಅಳತೆ ನಾನೇ ತೆಗೆದುಕೊಂಡೆ, ಉಸಿರನ್ನು ಒಳಗೆಳೆದು ಹಿಡಿದುಕೊಂಡು!

"ಉಸಿರು ಬಿಟ್ಟು ಅಳೀರಿ" ಎಂದಳು.

"ಇನ್ನೆರಡು ತಿಂಗಳಿಗೆ ಆಗೋ ಅಳತೆ ಇದು. ಸುಮ್ನೆ ಬಟ್ಟೆ ದಂಡ ಯಾಕೆ?"

ಮರುದಿನ ಬೆಳಿಗ್ಗೆ ಕ್ಲಾಸಿಗೆ ಹೋದೆ. ಎರಡನೇ ಮಹಡಿ. ನನ್ನ ಜೊತೆಯವರೆಲ್ಲ ಮೆಟ್ಟಿಲು ಬಿಟ್ಟು ಲಿಫ್ಟಿನಲ್ಲಿ ಬಂದರು, ಬೆಟ್ಟ ಹತ್ತುವುದಕ್ಕೆ! ಹೌದು, ಅಲ್ಲಿ ಬೆಟ್ಟ ಹತ್ತಿಸುತ್ತಾರೆ. ಕಿಟಕಿಗಳಿಗೆಲ್ಲ ಕಪ್ಪು ಪರದೆ, ಕತ್ತಲಲ್ಲಿ ಕೆಂಪು ನೀಲಿ ದೀಪ, ಎದೆಗೂಡು ನಡುಗುವ ಹಾಡು. ಮುಂದಿನ ಸಾಲಿನಲ್ಲಿ ಅದೇ ಹಲ್ಲಿನ ಡಾಕ್ಟರು, ಅವರ ಪಕ್ಕ ಶಾಲೆಯ ಹೆಡ್‌ಮಿಸ್ಸು. ಇಬ್ಬರೂ ನನ್ನ ಗಿರಾಕಿಗಳೇ. ನಾನು ಜಾಣತನದಿಂದ ಕೊನೆಯ ಸಾಲಿನ ಕೊನೆಯ ಸೈಕಲ್ಲು ಹತ್ತಿದೆ.

ಕೆನ್ನೆಗೆ ಮೈಕು ಅಂಟಿಸಿಕೊಂಡ ಮೇಡಂ ನಮ್ಮ ಕಡೆ ಮುಖ ಮಾಡಿ ಸೈಕಲ್ಲೇರಿ ಕೂಗಿದರು. "ನೋವು ನಿಮ್ಮ ಸ್ನೇಹಿತ! ಬೆಟ್ಟದ ತುದಿ ಕಾಣಿಸ್ತಿದೆಯಾ?"

"ಕಾಣಿಸ್ತಿದೆ!" ಎಂದು ಎಲ್ಲರೂ ಅರಚಿದರು. ನನಗೆ ಕಾಣಿಸುತ್ತಿದ್ದದ್ದು ಡಾಕ್ಟರ ಬೆನ್ನು ಮಾತ್ರ. ಆದರೂ ನಾನೂ ಅರಚಿದೆ.

"ಈಗ ಎಲ್ಲರೂ ಪೆಡಲ್ ಮೇಲೆ ಎದ್ದು ನಿಂತು, ಮುಂದಕ್ಕೆ ಬಾಗಿ!"

ಎದ್ದೆ. ಬಾಗಿದೆ. ಪರ್‌ರ್‌ರ್!

ಆ ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಆದರೆ ಇವು ಟೈಲರನ ಕಿವಿಗಳು! ಅದು ಬಟ್ಟೆ ಹರಿದ ಸದ್ದಲ್ಲ, ಹೊಲಿಗೆ ಬಿಟ್ಟ ಸದ್ದು. ಮರುಕ್ಷಣವೇ ಎಸಿಯ ತಂಗಾಳಿ ಎಲ್ಲಿ ತಗಲಬಾರದೋ ಅಲ್ಲಿಗೇ ಬಂದು ತಗಲಿತು.

ದೊಪ್ಪನೆ ಕೂತೆ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹೊಲಿಗೆ ಬಿಟ್ಟ ಚರಿತ್ರೆಯಿಲ್ಲ. ಬಿಟ್ಟಿದ್ದು ಗೊತ್ತಾದರೆ ನಾಳೆಯಿಂದ ಊರಿನ ಪ್ಯಾಂಟುಗಳೆಲ್ಲ ಬೇರೆ ಅಂಗಡಿಗೆ! ಚೀಲ, ಅದರಲ್ಲಿದ್ದ ಫೋನು, ಬದಲಿ ಪ್ಯಾಂಟು ಎಲ್ಲ ಹೊರಗಿನ ಕಪಾಟಿನಲ್ಲಿ. ತೂಕ ಇಳಿಸಲು ಬಂದವನು ಸೈಕಲ್ಲಿನಿಂದಲೇ ಇಳಿಯುವಂತಿಲ್ಲ!

ಕ್ಲಾಸು ಮುಗಿಯಿತು. "ಬನ್ನಿ ಮಾಸ್ಟ್ರೇ" ಎಂದರು ಡಾಕ್ಟರು.

"ನೀವು ನಡೀರಿ. ನನಗಿನ್ನೂ ಒಂದು ಬೆಟ್ಟ ಬಾಕಿ ಇದೆ!"

ಮೇಡಂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಎಂಥಾ ಛಲ ಸಾರ್ ನಿಮ್ಮದು!" ಎಂದರು. ಟವೆಲ್ ಕೇಳಿದೆ. ಕರ್ಚೀಫಿನಷ್ಟು ಅಗಲದ್ದೊಂದನ್ನು ತಂದು ಸನ್ಮಾನದ ಹಾಗೆ ಕೊರಳಿಗೆ ಹಾಕಿಬಿಟ್ಟರು!

ಡಾಕ್ಟರು ಹೋದರು. ಆದರೆ ಹೆಡ್‌ಮಿಸ್ಸಿಗೆ ಹಟ ಬಂತು. "ಮಾಸ್ಟ್ರೇ ತುಳೀತಾರಂತೆ, ನಾನ್ಯಾಕೆ ಹೋಗಲಿ!" ಎಂದು ಅವರೂ ಉಳಿದರು. ಎರಡನೇ ಕ್ಲಾಸಿನವರು ಬಂದು ತುಂಬಿಕೊಂಡರು. ಮಧ್ಯದಲ್ಲಿ ಮೇಡಂ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದರು. ಹಾಡಿನ ಅಬ್ಬರದಲ್ಲಿ ನನಗೆ ಕೇಳಿಸಲಿಲ್ಲ. ಎಲ್ಲರೂ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು. ನಾನು ವಿನಯದಿಂದ ತಲೆ ಬಾಗಿಸಿದೆ. ಕಾಲುಗಳು ನನ್ನವು ಎಂಬುದೇ ಮರೆತುಹೋಗಿತ್ತು.

ಮೂರನೆಯ ಕ್ಲಾಸು ಅರ್ಧವಾಗಿದ್ದಾಗ ಕತ್ತಲಲ್ಲಿ ತಡವರಿಸುತ್ತಾ ನನ್ನವಳು ಬಂದಳು.

"ಏನ್ರೀ ಇದು? ಅಂಗಡಿ ಮುಂದೆ ಜನ ಕಾಯ್ತಿದ್ದಾರೆ. ಇಳೀರಿ!"

"ಇಳಿಯೋಕಾಗಲ್ಲ."

"ಯಾಕೆ?"

"ಬಿಟ್ಟಿದೆ."

"ಏನು, ಬುದ್ಧೀನಾ?"

"ಹೊಲಿಗೆ ಕಣೇ!"

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಭುಜ ಮಾತ್ರ ಎರಡು ನಿಮಿಷ ಕುಣಿಯಿತು. ಆಮೇಲೆ ಹೊದ್ದಿದ್ದ ಶಾಲನ್ನು ನನ್ನ ಸೊಂಟಕ್ಕೆ ಸುತ್ತಿ, ಎರಡು ಕಂಕುಳಿಗೆ ಕೈ ಕೊಟ್ಟು ಇಳಿಸಿದಳು. ಚಪ್ಪಾಳೆಯ ನಡುವೆ, ಯುದ್ಧ ಗೆದ್ದ ಸೇನಾಪತಿಯಂತೆ, ಹೆಂಡತಿಗೆ ಜೋತುಬಿದ್ದು ಹೊರಬಂದೆ. ಸದ್ಯ, ಮಾನ ಉಳಿಯಿತು!

ಎರಡು ದಿನ ಹಾಸಿಗೆಯಿಂದ ಏಳಲಾಗಲಿಲ್ಲ. ಮೂರನೆಯ ದಿನ ಅಂಗಡಿಯಲ್ಲಿ ಕಾಲು ನೀವಿಕೊಳ್ಳುತ್ತಾ ಕೂತಿದ್ದಾಗ, ಕೈಯಲ್ಲೊಂದು ಪಟ್ಟಿ ಹಿಡಿದು ಕ್ಲಾಸಿನ ಮೇಡಂ ಬಂದರು.

"ಸಾರ್, ಹದಿನೆಂಟು ಪ್ಯಾಂಟು ಬೇಕು. ಎಲ್ಲ ನಿಮ್ಮದರ ಥರಾನೇ!"

ನಾನು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. "ನೋಡಿದೆಯಾ? ಕೈಗುಣ ಅಂದ್ರೆ ಇದು! ಯಾವ ಬಣ್ಣ ಮೇಡಂ?"

"ಬಣ್ಣ ನಿಮ್ಮಿಷ್ಟ. ಆದ್ರೆ ಗಾಳಿಯಾಡೋಕೆ ಅಂತ ಹಿಂದುಗಡೆ ಒಂದು ಗೇಣು ಹೊಲಿಯದೇ ಬಿಟ್ಟಿದ್ರಲ್ಲ, ಅದು ಬೇಕೇ ಬೇಕು. ಮಾಸ್ಟ್ರು ಮೂರು ಕ್ಲಾಸ್ ತುಳಿದಿದ್ದು ಅದರಿಂದಲೇ ಅಂತಾರೆ ಹೆಡ್‌ಮಿಸ್ಸು."

ನಾನು ಹುಬ್ಬು ಇಳಿಸಿದೆ. "ನಾನು... ಕೊನೇ ಸಾಲಲ್ಲಿದ್ದೆನಲ್ಲಾ?"

"ನಿಮ್ಮ ಹಿಂದಿನ ಗೋಡೆ ಪೂರ್ತಿ ಕನ್ನಡಿ ಸಾರ್! ನಾನೇ ಎಲ್ಲರಿಗೂ ಕೈ ತೋರಿಸಿ ಹೇಳಿದೆ, ಕಸಬು ಗೊತ್ತಿರೋರ ಪ್ಯಾಂಟು ಹೇಗಿರುತ್ತೆ ನೋಡಿ ಅಂತ. ಎಷ್ಟು ಚಪ್ಪಾಳೆ ಬಿತ್ತು, ನೀವೇ ಕೇಳಿದ್ರಲ್ಲ?"

ಇಪ್ಪತ್ತೆರಡು ವರ್ಷದ ಹೊಲಿಗೆ ಬಿಟ್ಟಿತು ಎಂದು ಒಪ್ಪಿಕೊಳ್ಳಲೇ? ಅಥವಾ ಊರಿನ ಹದಿನೆಂಟು ಗಣ್ಯರ ಹಿಂಭಾಗವನ್ನು ಗಾಳಿಗೆ ಬಿಡಲೇ? ನಾನು ಬಾಯಿ ತೆರೆಯುವ ಮೊದಲೇ ನನ್ನವಳು ಮೇಡಂ ಕೈಯಿಂದ ಪಟ್ಟಿ ಇಸಿದುಕೊಂಡಳು.

"ಆಗುತ್ತೆ ಬಿಡಿ ಮೇಡಂ! ಹೊಲಿಯೋದನ್ನ ನಾನು ನೋಡ್ಕೋತೀನಿ. ಬಿಡೋದನ್ನ ಮಾತ್ರ ಇವರಿಗೇ ಬಿಟ್ಟಿದ್ದೀನಿ. ಅದರಲ್ಲಿ ಇವರನ್ನ ಮೀರಿಸೋರು ಯಾರೂ ಇಲ್ಲ!"