ಅತ್ತೆಯ ಕೋಳಿಮರಿ, ಮಾವನ ಶನಿವಾರ

ನಮ್ಮ ಸೋದರತ್ತೆಯ ಮನೆಗೆ ಹೋಗುವವರಿಗೆ ನಾನು ಒಂದೇ ಎಚ್ಚರಿಕೆ ಕೊಡುತ್ತಿದ್ದೆ: ಪಂಚೆ ಅಳೆದುಕೊಂಡು ಹೋಗಿ, ಬರುವಾಗ ಇನ್ನೊಮ್ಮೆ ಅಳೆಯಿರಿ. ಒಗೆದು ಒಣಹಾಕಿದ ಬಟ್ಟೆ ಯಾರದ್ದೇ ಇರಲಿ, ಅಂಚಿನಿಂದ ಬೆರಳಗಲದ ಪಟ್ಟಿಯೊಂದು ಮಾಯವಾಗಿರುತ್ತಿತ್ತು. ಕಳ್ಳತನವೇ? ಛೆ, ವೈದ್ಯಕೀಯ! ರಾವಂದೂರಿನ ಆ ಮನೆಯಲ್ಲಿ ಕಾವಿಗೆ ಕೂತ ಕೋಳಿ ಮರಿ ಎಬ್ಬಿಸಿತೆಂದರೆ ಅತ್ತೆಯ ಆಸ್ಪತ್ರೆ ಬಾಗಿಲು ತೆರೆಯುತ್ತಿತ್ತು. ಕಾಲು ಎರಡೂ ಕಡೆಗೆ ಜಾರುವ ಮರಿಯಿದ್ದರೆ ಆ ಪಟ್ಟಿಯಿಂದ ಕಾಲುಗಳನ್ನು ಹತ್ತಿರ ತಂದು ಸಡಿಲವಾಗಿ ಕಟ್ಟಿ, ಅಕ್ಕಿ ಅಳೆಯುವ ಪಾವಿನೊಳಗೆ ನಿಲ್ಲಿಸುತ್ತಿದ್ದರು. ಅಷ್ಟು ದಿನ ಆ ಮನೆಯಲ್ಲಿ ಅಕ್ಕಿ ಅಂದಾಜಿನ ಮೇಲೆ ಬೇಯುತ್ತಿತ್ತು.

ಮಾವ ಊರಿನ ಶಾಲೆಯ ಹೆಡ್‌ಮಾಸ್ತರು. ಗಂಟೆ ಒಂದು ನಿಮಿಷ ತಡವಾದರೆ ಗಂಟೆಗೇ ಛಡಿಯೇಟು ಕೊಡಬಲ್ಲವರು. ಒಂದು ಬೆಳಿಗ್ಗೆ ಅವರ ಕ್ಷೌರದ ಬಿಸಿನೀರಿನ ಬಟ್ಟಲು ಕಾಣೆಯಾಯಿತು. ಹುಡುಕಿದರೆ ಹಿತ್ತಿಲಲ್ಲಿ ಅತ್ತೆ ಅದೇ ನೀರಿನಲ್ಲಿ ಹತ್ತಿ ಅದ್ದಿ, ಹಿಂದೆ ಹಿಕ್ಕೆ ಒಣಗಿ ದಾರಿಯೇ ಕಟ್ಟಿಹೋದ ಮರಿಯೊಂದನ್ನು ಒರೆಸುತ್ತಿದ್ದಾರೆ.

"ನನ್ನ ಮುಖಕ್ಕೂ ಅದರ ಹಿಂಭಾಗಕ್ಕೂ ಒಂದೇ ನೀರೇನೆ?"

"ನಿಮ್ಮ ಗಡ್ಡ ನಾಳೆನೂ ಇರ್ತದೆ ಕಣ್ರೀ. ಇದು ಇರಾಕಿಲ್ಲ."

ಮಾವ ಅಂದು ಗಡ್ಡದಲ್ಲೇ ಶಾಲೆಗೆ ಹೋದರು.

ಇನ್ನು ಕೆ.ಆರ್. ನಗರದ ಮದುವೆ. ಚಳಿ ಹಿಡಿದ ಮರಿಯನ್ನು ಮನೆಯಲ್ಲಿ ಬಿಟ್ಟು ಬರುವುದುಂಟೇ? ಅತ್ತೆ ಅದನ್ನು ರವಿಕೆಯೊಳಗಿಟ್ಟುಕೊಂಡೇ ಬಸ್ಸು ಹತ್ತಿದ್ದರು. ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಅವರ ಎದೆ ಚಿಂವ್ ಎಂದಿತು. ಪುರೋಹಿತರು ಮಂತ್ರ ನಿಲ್ಲಿಸಿ ಸುತ್ತ ನೋಡಿದರು. "ನೀವು ಮಂತ್ರ ಏಳ್ಕಂಡೋಗಿ ಸ್ವಾಮಿ, ಅದ್ಕೆ ಮೈ ಬಿಸಿ ಆಗೈತೆ ಅಷ್ಟೆ" ಎಂದರು ಅತ್ತೆ. ಈ ಮಾತು ನಿಜವಾಗಿ ಆಡಿದ್ದೋ, ಹೇಳಿ ಹೇಳಿ ನಾನೇ ಕಟ್ಟಿದ್ದೋ? ಡೈರಿಯಲ್ಲಿ "ಮದುವೆ, ಅತ್ತೆ, ಮರಿ" ಎಂದಷ್ಟೇ ಇದೆ.

ಆದರೆ ಮುಂದಿನದಕ್ಕೆ ಸಾಕ್ಷಿಯಿದೆ. ಎಂ.ಎ. ಪರೀಕ್ಷೆಗೆ ಓದಿಕೊಳ್ಳಲು ನಾನು ಅಲ್ಲಿದ್ದ ವಾರವದು. ಹನ್ನೊಂದು ಮೊಟ್ಟೆಯಲ್ಲಿ ಕೊನೆಗೆ ಒಡೆದು ಬಂದ ಮರಿ ಕಪ್ಪೆಯಂತೆ ಕಾಲು ಚಾಚಿ ಬಿದ್ದುಕೊಂಡಿತ್ತು. ತಾಯಿಕೋಳಿಯೇ ಕುಕ್ಕಿ ದೂರ ತಳ್ಳಿತು. ಗುರುವಾರ ಮಾವ ತೀರ್ಪು ಕೊಟ್ಟರು: "ಜೀವಾನ ನರಳಿಸಬಾರದು ಕಣೆ. ಭಾನುವಾರ ಬೆಳಿಗ್ಗೆವರೆಗೂ ಗಡುವು. ನಿಲ್ಲದಿದ್ರೆ ಬೇಲಿಯಾಚೆ ಬಿಟ್ಬಿಡ್ತೀನಿ." ಬೇಲಿಯಾಚೆ ಹದ್ದುಗಳಿದ್ದವು. ಮಾವ ಕೊಟ್ಟ ಗಡುವು ಮೀರಿದ್ದನ್ನು ಊರೇ ಕಂಡಿರಲಿಲ್ಲ.

ಅತ್ತೆ ಮಾವನ ಪಂಚೆಯಂಚನ್ನೇ ಹರಿದು ಕಟ್ಟಿದರು. ಶಿಸ್ತಿನ ಮನುಷ್ಯನ ಪಂಚೆ. ಅದಕ್ಕೆ ಹಾಕಿದ ಗಂಜಿ ತಗಡಿನಂತಿತ್ತು. ಶುಕ್ರವಾರದ ಹೊತ್ತಿಗೆ ಅದು ಮರಿಯ ಕಾಲನ್ನು ಕೊರೆದು ಗಾಯ ಮಾಡಿತ್ತು. ಅತ್ತೆ ತಮ್ಮನ್ನೇ ಬೈದುಕೊಳ್ಳುತ್ತ ಒಳಗೆ ಹೋಗಿ, ಟ್ರಂಕು ತೆಗೆದು, ಒಂದು ಕುಲಾವಿ ತಂದರು. ಮಾಸಿದ ಹಳದಿ ಕುಲಾವಿ. ಅದನ್ನು ತೊಟ್ಟಿದ್ದ ಕೂಸು ಆ ಮನೆಯಲ್ಲಿ ಆರೇ ದಿನ ಇತ್ತೆಂದು ನಮ್ಮವ್ವ ಒಮ್ಮೆ ಹೇಳಿದ್ದಳು. ಅತ್ತೆ ಅದರ ಮೆತ್ತನೆಯ ದಾರವನ್ನು ಬಿಚ್ಚಿದರು. ಮಾವ ಪೇಪರು ಮಡಿಸಿಟ್ಟು ಬಂದು, ಮರಿಯನ್ನು ಅಂಗೈಯಲ್ಲಿ ಹಿಡಿದು ಕೂತರು.

"ಬಿಗಿಯಾಗಿ ಕಟ್ಬೇಡ ಕಣೆ."

ಭಾನುವಾರ ಬೆಳಗಾಯಿತು. ಮರಿ ನಿಲ್ಲಲಿಲ್ಲ. ಅತ್ತೆ ಪಾವನ್ನು ಮಡಿಲಲ್ಲಿಟ್ಟುಕೊಂಡು ಮಾವನ ಮುಖ ನೋಡಿದರು. ಮಾವ ಕೋಟು ತೊಟ್ಟು ಗುಂಡಿ ಹಾಕಿಕೊಂಡರು.

"ಇವತ್ತು ಶನಿವಾರ. ಬೆಳಗಿನ ಸ್ಕೂಲು" ಎಂದು ಕೊಡೆ ಹಿಡಿದು ಹೊರಟೇಬಿಟ್ಟರು.

ನಾನು ಬಾಯಿ ತೆರೆದೆ. ಅತ್ತೆ ನನ್ನ ತೊಡೆ ಚಿವುಟಿದರು. "ನಂಗೂ ಗೊತ್ತು ಕಣ್ಲಾ. ಸುಮ್ಕಿರು."

ಬೀಗ ಹಾಕಿದ ಶಾಲೆಯ ಮುಂದೆ ಅವರು ಏನು ಮಾಡಿದರೋ! ಹನ್ನೊಂದಕ್ಕೆ ಸರಿಯಾಗಿ ಹಿಂತಿರುಗಿದರು. ಪಾವಿನಿಂದ ಹೊರಬಿಟ್ಟ ಮರಿ ಆಗಷ್ಟೇ ಜಗಲಿಯ ಮೇಲೆ ಎದ್ದು ನಿಂತು, ಕುಡಿದವನಂತೆ ಮೂರು ಹೆಜ್ಜೆ ಇಟ್ಟು ಅವರ ಚಪ್ಪಲಿಗೆ ಒರಗಿತು. ಅವರು ಕಾಲು ಅಲುಗಿಸಲಿಲ್ಲ.

"ಸ್ಕೂಲು ಎಂಗಿತ್ರೀ?" ಎಂದರು ಅತ್ತೆ.

"ಹಾಜರಾತಿ ಕಮ್ಮಿ."

ಇದನ್ನೆಲ್ಲ ನಂಬಬೇಕೇ ಎಂದು ನನಗೇ ಅನುಮಾನ ಬಂದು, ಮೊನ್ನೆ ಹಳೆಯ ಡೈರಿ ತೆಗೆದೆ. ಆ ದಿನದ ಪುಟದ ತಲೆಯಲ್ಲಿ ನಾನು ಭಾನುವಾರ ಎಂದೇ ಬರೆದಿದ್ದೇನೆ. ಅದನ್ನು ಯಾರೋ ಅಡ್ಡಗೆರೆ ಎಳೆದು ಹೊಡೆದುಹಾಕಿ, ಮೇಲೆ ದುಂಡಗಿನ ಅಕ್ಷರದಲ್ಲಿ "ಶನಿವಾರ" ಎಂದು ತಿದ್ದಿದ್ದಾರೆ. ಕೆಂಪು ಶಾಯಿಯಲ್ಲಿ.