ಒಂದೇ ಸಲ ಕೇಳುವವರ ಊರಿನಲ್ಲಿ

ನಾನು ತಾಯ್ನಾಡಿನ ಮೇಲಿನ ಪ್ರೀತಿ ತಡೆಯಲಾರದೆ ಜರ್ಮನಿಯಿಂದ ಹಿಂತಿರುಗಿದವಳು ಎಂದು ನಜರ್‌ಬಾದಿನ ನಮ್ಮ ಬೀದಿಯಲ್ಲಿ ಎಲ್ಲರೂ ನಂಬಿದ್ದಾರೆ. ಇಷ್ಟು ಒಳ್ಳೆಯ ನಂಬಿಕೆಯನ್ನು ಕೆಡಿಸುವಷ್ಟು ಕಲ್ಲುಹೃದಯ ನನ್ನದಲ್ಲ. ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು? ನಾನು ಹಿಂತಿರುಗಿದ್ದು ಉಪಚಾರದ ದೆಸೆಯಿಂದ. ನಮ್ಮ ಮುತ್ತಜ್ಜ ಅರಮನೆಯಲ್ಲಿ ಅತಿಥಿಗಳ ಊಟೋಪಚಾರ ನೋಡಿಕೊಳ್ಳುವ ಗುಮಾಸ್ತರಾಗಿದ್ದರಂತೆ. ಅರಸೊತ್ತಿಗೆ ಹೋಯಿತು, ಗುಮಾಸ್ತಿಕೆ ಹೋಯಿತು, ಮುತ್ತಜ್ಜನೂ ಹೋದರು. ಉಪಚಾರವೊಂದು ಮಾತ್ರ ನಮ್ಮ ಮನೆ ಬಿಟ್ಟು ಕದಲಲಿಲ್ಲ. ನಮ್ಮಲ್ಲಿ ಏನನ್ನೇ ಆಗಲಿ ಮೂರು ಸಲ ಕೇಳಬೇಕು, ಕೇಳಿಸಿಕೊಂಡವರು ಎರಡು ಸಲ ಬೇಡ ಎನ್ನಬೇಕು. ಮೊದಲ ಸಲಕ್ಕೇ ‘ಹಾಕಿ’ ಎನ್ನುವವರನ್ನು, ಪಾಪ, ಎಷ್ಟು ಹಸಿದು ಬಂದಿದ್ದಾರೋ ಎಂದು ಮರುಕದಿಂದ ನೋಡುತ್ತಾರೆ. ಮೂರನೆಯ ಸಲವೂ ಬೇಡ ಎಂದವರಿಗೆ ಸಕ್ಕರೆ ಕಾಯಿಲೆ ಇರಬೇಕು ಎಂದು ತೀರ್ಮಾನಿಸಿಬಿಡುತ್ತಾರೆ.

ಇಂಥ ಮನೆಯ ಕುಡಿಯಾದ ನನಗೆ ಡಿಗ್ರಿ ಮುಗಿದ ಮೇಲೆ ಲೋಕಸೇವೆಯ ಹುಚ್ಚು ಹತ್ತಿತು. ಜರ್ಮನಿಯ ಸಣ್ಣ ಊರೊಂದರ ವೃದ್ಧಾಶ್ರಮದಲ್ಲಿ ಒಂದು ವರ್ಷ ಸ್ವಯಂಸೇವಕಿಯಾಗಿ ಇರಲು ಅರ್ಜಿ ಹಾಕಿದೆ. ಕೆಲಸವೇನು ಎಂದು ಅಮ್ಮ ಕೇಳಿದಳು. ಹಾಸಿಗೆ ಸರಿಮಾಡುವುದು, ಊಟ ಬಡಿಸುವುದು, ಪಾತ್ರೆ ತೊಳೆಯುವುದು ಎಂದೆ. “ಮುಸುರೆ ತಿಕ್ಕೋಕೆ ವಿಮಾನ ಹತ್ತಬೇಕೇನೇ? ನಮ್ಮನೇಲೂ ಪಾತ್ರೆ ಇದ್ಯಲ್ಲೇ. ಹುಟ್ಟಿದಾಗಿಂದ ಆ ಕಡೆ ತಲೆ ಹಾಕಿದವಳಲ್ಲ ನೀನು” ಎಂದಳು. ವಿಶ್ವಭ್ರಾತೃತ್ವದ ವಿಷಯ ಅಮ್ಮನಿಗೆ ಏನು ಗೊತ್ತು? ಸ್ವಂತ ಮನೆಯ ಪಾತ್ರೆ ತೊಳೆದರೆ ಅದು ಬರೀ ಪಾತ್ರೆ. ಏಳು ಸಮುದ್ರದಾಚೆ ತೊಳೆದರೆ ಅದಕ್ಕೆ ಸರ್ಟಿಫಿಕೇಟು ಕೊಡುತ್ತಾರೆ.

ಹೋದ ಮೊದಲ ದಿನವೇ ಆಶ್ರಮದ ಮೇಲ್ವಿಚಾರಕ ಸ್ಟೆಫಾನ್, “ಕಾಫಿ, ಕೇಕು ತಗೋತೀಯಾ?” ಎಂದು ಕೇಳಿದ. ನಾನು ಸಂಪ್ರದಾಯಸ್ಥಳಂತೆ ನಾಚಿಕೊಂಡು ಬೇಡ ಎಂದೆ. “ಸರಿ” ಎಂದವನೇ ತನ್ನ ಪಾಲಿನ ಕೇಕನ್ನು ನನ್ನ ಎದುರಿಗೇ ಕೂತು ತಿಂದು ಮುಗಿಸಿದ. ಮರುದಿನವೂ ಹಾಗೆಯೇ ಆಯಿತು, ಅದರ ಮರುದಿನವೂ. ಮೂರು ದಿನ ಸೇರಿ ಮೂರು ಸಲ ಕೇಳಿದಂತಾಯಿತಲ್ಲ ಎಂದು ಲೆಕ್ಕ ಹಾಕಿ, ನಾಲ್ಕನೆಯ ದಿನ ಅವನು ಬಾಯಿ ತೆರೆಯುವ ಮೊದಲೇ ಎರಡು ತುಂಡು ಕೇಕು ಎತ್ತಿಕೊಂಡೆ.

ನನಗೆ ಬೇಕಾದ್ದನ್ನು ಎತ್ತಿಕೊಳ್ಳುವುದು ಹೀಗೆ ಬೇಗ ಬಂತು. ಇನ್ನೊಬ್ಬರಿಗೆ ಬೇಡವಾದ್ದನ್ನು ಬಡಿಸದೆ ಇರುವುದು ಮಾತ್ರ ಬರಲಿಲ್ಲ. ಏಳನೇ ಕೋಣೆಯಲ್ಲಿ ಹಿಲ್ಡಾ ಎಂಬ ಅಜ್ಜಿ ಇದ್ದರು. ತೊಂಬತ್ತರ ಹತ್ತಿರದ ವಯಸ್ಸು, ಮೂಗಿನ ತುದಿಯಲ್ಲೇ ಸಿಟ್ಟು. ಎರಡನೇ ಸೌಟು ಸೂಪು ಬೇಡ ಎಂದರು, ಹಾಕಿದೆ. ಮೂರನೆಯದು ಬೇಡವೇ ಬೇಡ ಎಂದು ಬಟ್ಟಲಿಗೆ ಕೈ ಅಡ್ಡ ಹಿಡಿದರು. ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿಯುವುದೂ ಉಪಚಾರದ ಒಂದು ಅಂಗವೇ. ನುರಿತವರು ಬೆರಳ ಸಂದಿಯಲ್ಲೇ ಬಡಿಸಿಬಿಡುತ್ತಾರೆ. ನಾನೂ ನುರಿತವಳೇ. ಪುಣ್ಯಕ್ಕೆ ಸೂಪು ಆರಿತ್ತು. ಅಜ್ಜಿ ಆವತ್ತೇ ದೂರು ಕೊಟ್ಟರು. ಸ್ಟೆಫಾನ್ ನನ್ನನ್ನು ಕೂರಿಸಿಕೊಂಡು, ಮನುಷ್ಯ ಬೇಡ ಎಂದರೆ ಅದು ಅವನ ಹಕ್ಕು ಎಂದು ಮುಕ್ಕಾಲು ಗಂಟೆ ಪಾಠ ಮಾಡಿ, ನನ್ನ ಫೈಲಿನಲ್ಲಿ ಅದನ್ನು ಬರೆದೂ ಇಟ್ಟ. ಅರಮನೆಯ ಉಪಚಾರದ ವಂಶಕ್ಕೆ ಬಿದ್ದ ಮೊದಲ ಕಪ್ಪುಚುಕ್ಕೆ ಅದು.

ಆಮೇಲೆ ಒಂದೇ ಸಲ ಕೇಳುವುದನ್ನು ಕಲಿತೆ. ಹಿಲ್ಡಾ ಅಜ್ಜಿಯೂ ಪಳಗಿದರು, ಅಥವಾ ನಾನು ಪಳಗಿದೆ. ದಿನಾ ಸಂಜೆ ಗಾಲಿಕುರ್ಚಿ ತಳ್ಳಿಕೊಂಡು ಹೊಳೆಯ ದಂಡೆಗೆ ಹೋಗುತ್ತಿದ್ದೆವು. ದಾರಿಯುದ್ದಕ್ಕೂ ನನ್ನ ಜರ್ಮನ್ ತಿದ್ದುತ್ತಿದ್ದರು, ನನ್ನ ನಡಿಗೆ ತಿದ್ದುತ್ತಿದ್ದರು, ಒಮ್ಮೆ ನನ್ನ ಜಡೆಯನ್ನೂ ಬಿಚ್ಚಿ ಮತ್ತೆ ಹೆಣೆದರು. ವ್ಯಂಗ್ಯ ಬದಿಗಿಟ್ಟು ಹೇಳುವುದಾದರೆ, ಆ ಅಜ್ಜಿಯನ್ನು ಬಿಟ್ಟು ಬರುವುದು ನನಗೆ ಬೇಡವಾಗಿತ್ತು.

ಹನ್ನೊಂದನೇ ತಿಂಗಳಲ್ಲಿ ಸ್ಟೆಫಾನ್ ಕರೆದು ಕೇಳಿದ: “ಇನ್ನೊಂದು ವರ್ಷ ಇರ್ತೀಯಾ? ಹಿಲ್ಡಾ ಕೂಡ ಕೇಳ್ತಿದ್ದಾರೆ.” ನನ್ನ ಎದೆಯೊಳಗೆ ದಸರಾ ವಾದ್ಯವೇ ಮೊಳಗಿತು. ಆದರೆ ನಾಲಿಗೆ ನಜರ್‌ಬಾದಿನದು. “ಅಯ್ಯೋ, ಬೇಡ ಬೇಡ, ನಿಮಗೆ ಯಾಕೆ ತೊಂದರೆ” ಎಂದುಬಿಟ್ಟೆ. ಎಂದು, ತಲೆ ತಗ್ಗಿಸಿ, ಎರಡನೇ ಸಲ ಕೇಳಲಿ ಎಂದು ಕಾದೆ. “ಬೇಜಾರಾಯ್ತು. ಆದರೆ ನಿನ್ನ ನಿರ್ಧಾರವನ್ನು ಗೌರವಿಸ್ತೀನಿ” ಎಂದು ಸ್ಟೆಫಾನ್ ಫೈಲು ಮುಚ್ಚಿದ. ಆ ದೇಶದಲ್ಲಿ ಗೌರವಕ್ಕೇನೂ ಬರವಿಲ್ಲ. ಮುಂದಿನ ವಾರವೇ ನನ್ನ ಜಾಗಕ್ಕೆ ಬೇರೊಬ್ಬಳು ಗೊತ್ತಾದಳು.

ಊರಿಗೆ ಬಂದರೆ ಸನ್ಮಾನ ಕಾದಿತ್ತು. ಪಕ್ಕದ ಮನೆಯ ಪದ್ಮಕ್ಕ ಬಡಾವಣೆಯ ಮಹಿಳಾ ಸಮಾಜದ ಅಧ್ಯಕ್ಷೆ. “ಇರು ಇರು ಅಂತ ಅವರು ಕಾಲಿಗೆ ಬಿದ್ರಂತೆ ಕಣ್ರೀ. ಅಪ್ಪ ಅಮ್ಮನ ಮುಖ ನೋಡ್ಬೇಕು ಅಂತ ಎಲ್ಲಾ ಬುಟ್ಟು ಬಂದ್ಬುಟ್ಟವ್ಳೆ” ಎಂದು ಮೈಕಿನಲ್ಲಿ ಸಾರಿದರು. ಕಾಲಿಗೆ ಬಿದ್ದವರು ಯಾರೆಂದು ನನಗೂ ಗೊತ್ತಿರಲಿಲ್ಲ. ಆದರೂ ಶಾಲು ಹೊದ್ದು, ಹಣ್ಣಿನ ಬುಟ್ಟಿ ಹಿಡಿದು, ಯುವಜನರು ತಾಯ್ನಾಡಿಗೆ ಯಾಕೆ ಮರಳಬೇಕು ಎಂಬ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಕಣ್ಣೊರೆಸಿಕೊಂಡರು.

ಈ ಸಂಕಟವನ್ನು ಎಲ್ಲಾದರೂ ತೀರಿಸಿಕೊಳ್ಳಬೇಕಲ್ಲ, ಮನೆಯನ್ನು ಸುಧಾರಿಸಲು ಹೊರಟೆ. “ಒಂದೇ ಸಲ ಕೇಳಮ್ಮ. ಬೇಡ ಅಂದ್ರೆ ಬೇಡ. ಬಲವಂತ ಮಾಡೋದು ಹಿಂಸೆ” ಎಂದು ಹೊತ್ತು ಹೊತ್ತಿಗೂ ಉಪದೇಶ ಮಾಡಿದೆ. ಕಡಕೊಳದಿಂದ ಸೋದರಮಾವ ಊಟಕ್ಕೆ ಬಂದಾಗ ಬಡಿಸಿದವಳೂ ನಾನೇ. ಎರಡನೇ ಹೋಳಿಗೆಗೆ ಮಾವ ರೂಢಿಯಂತೆ ಬೇಡ ಎಂದರು. ನಾನು ಅವರ ಹಕ್ಕನ್ನು ಗೌರವಿಸಿ ಪಾತ್ರೆ ಒಳಗಿಟ್ಟೆ. ಮಾವ ಮಜ್ಜಿಗೆ ಅನ್ನದವರೆಗೂ ಅಡುಗೆಮನೆಯ ಬಾಗಿಲನ್ನೇ ನೋಡುತ್ತಿದ್ದರು. “ಪಾಪ ಕಣೇ, ಬರೀ ಒಂದು ಹೋಳಿಗೇಲಿ ಎದ್ಬುಟ್ರು” ಎಂದು ಅಮ್ಮ ರಾತ್ರಿಯೆಲ್ಲ ಪೇಚಾಡಿದಳು. ಆದರೆ ನನ್ನ ಉಪದೇಶ ತಡೆಯಲಾರದೆ ಕೊನೆಗೆ, “ಆಯ್ತು ಕಣಮ್ಮ, ಇನ್ಮೇಲೆ ನಾನೂ ಒಂದೇ ಸಲ ಕೇಳ್ತೀನಿ” ಎಂದು ಒಪ್ಪಿಕೊಂಡಳು. ನನ್ನ ಸಮಾಜಸೇವೆಯಲ್ಲಿ ಪೂರ್ತಿ ಯಶಸ್ವಿಯಾದದ್ದು ಇದೊಂದೇ.

ಮೊನ್ನೆ ಸೋಮವಾರ ಸ್ಟೆಫಾನನ ಮೇಲ್ ಬಂತು. ನನ್ನ ಜಾಗಕ್ಕೆ ಬಂದಿದ್ದ ಹುಡುಗಿ ಮನೆಗೆ ಹೊರಟುಹೋದಳಂತೆ, ಹಿಲ್ಡಾ ಅಜ್ಜಿ ಬೇರೆ ಯಾರ ಕೈಯಲ್ಲೂ ಕುರ್ಚಿ ತಳ್ಳಿಸಿಕೊಳ್ಳುತ್ತಿಲ್ಲವಂತೆ, ಮತ್ತೆ ಬರುವುದಾದರೆ ಶುಕ್ರವಾರದೊಳಗೆ ತಿಳಿಸು ಎಂದಿದ್ದ. ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಂಡು, “ಹೋಗೋ ಆಸೆ ಇದ್ಯೇನೇ?” ಎಂದು ಕೇಳಿದಳು.

“ಅಯ್ಯೋ, ಬೇಡಮ್ಮ. ನಿಂಗೂ ಅಪ್ಪಂಗೂ ಯಾಕೆ ತೊಂದರೆ” ಎಂದು ನಾನು ತಲೆ ತಗ್ಗಿಸಿ ಕಾದೆ.

“ಸರಿ ಕಣಮ್ಮ. ಬೇಡ ಅಂದ್ರೆ ಬೇಡ” ಎಂದು ಅಮ್ಮ ದೋಸೆ ಮಗುಚಿ ಹಾಕಲು ಒಳಗೆ ಹೋದಳು.

ನೀನೇ ‘ಹೋಗುತ್ತೇನೆ’ ಎಂದು ಬಾಯಿಬಿಟ್ಟು ಹೇಳಬಹುದಲ್ಲ ಎನ್ನುತ್ತೀರಿ. ಹೇಳಬಹುದು. ಹಾಗೆ ಹೇಳಿದರೆ, ಹೋಗುವುದಕ್ಕೇ ಹಸಿದು ಕೂತಿದ್ದಳು ಎಂದುಕೊಳ್ಳುವುದಿಲ್ಲವೇ? ಆದ್ದರಿಂದ ಸೋಮವಾರದಿಂದ ಅಡುಗೆಮನೆಯಲ್ಲೇ ಸುಳಿದಾಡುತ್ತಿದ್ದೇನೆ. ಈವತ್ತು ಗುರುವಾರ. ಬೆಳಿಗ್ಗೆ ಅಮ್ಮ, “ಕಾಫಿ ಬೇಕೇನೇ?” ಎಂದಳು. ಅಭ್ಯಾಸಬಲದಿಂದ ಬೇಡ ಎಂದೆ. “ಸರಿ” ಎಂದವಳೇ ನನ್ನ ಪಾಲಿನದನ್ನೂ ತನ್ನ ಲೋಟಕ್ಕೆ ಬಗ್ಗಿಸಿಕೊಂಡು, ನನ್ನ ಎದುರಿಗೇ ನಿಂತು ನಿಧಾನವಾಗಿ ಕುಡಿದಳು. ಎರಡನೇ ಸಲ ಏನಾದರೂ ಕೇಳಿಯಾಳೆಂದು ನಾನು ತಿಂಡಿಯ ಪಾತ್ರೆಗಳನ್ನೆಲ್ಲ ತೊಳೆದಿಟ್ಟೆ. ಈಗ ತೊಳೆದಿಟ್ಟ ಪಾತ್ರೆಗಳನ್ನೇ ಇನ್ನೊಂದು ಸಲ ತೊಳೆಯುತ್ತಿದ್ದೇನೆ.