ಪುಟಕ್ಕೆ ನಂಬರು ಹಾಕಿಸಿದವನು

ಸೋಮವಾರ, ಬೆಳಗಿನ ಹತ್ತೂವರೆ. ಹಾಜರಿದ್ದವರು: ನಾನು, ನನ್ನ ಹೆಂಡತಿ ಮತ್ತು ಖಾಲಿಯಾದ ಖಾರದ ಡಬ್ಬಿ. ಏನು ಬರೆದರೂ ವಾರ, ವೇಳೆ, ಹಾಜರಿ ಹಾಕಿಯೇ ಬರೆಯುವುದು ಹೆಡ್‌ಮಾಸ್ತರನಾಗಿದ್ದ ಕಾಲದಿಂದ ಅಂಟಿದ ಚಟ. ಅದರಿಂದ ಯಾರಿಗೂ ಕೇಡಿಲ್ಲವೆಂದು ಹೋದ ವಾರದವರೆಗೂ ನಂಬಿದ್ದೆ.

ಹಾವೇರಿಯ ನಮ್ಮ ಓಣಿಯ ತುದಿಗಿರುವ ದೊಡ್ಡ ಅಂಗಡಿ ಈಚೆಗೆ ಮೇಲೊಂದು ಮಹಡಿ ಏರಿಸಿ ಹೊಸಬರನ್ನು ಕೆಲಸಕ್ಕೆ ತೆಗೆದುಕೊಂಡಿತು. ಮಸಾಲೆ ವಿಭಾಗಕ್ಕೆ ಬಂದವಳು ಬ್ಯಾಡಗಿಯ ಹೆಣ್ಣುಮಗಳು. ವರ್ಷಾನುಗಟ್ಟಲೆ ಮೆಣಸಿನಕಾಯಿಯ ತೊಟ್ಟು ಬಿಡಿಸಿ ಕೆಮ್ಮು ಗಳಿಸಿದ್ದಳು. "ಇಲ್ಲಿ ಘಾಟಿಲ್ರಿ ಸರ್, ಮ್ಯಾಲೆ ಫ್ಯಾನ್ ಐತಿ. ಎರಡು ತಿಂಗಳಾತು, ಕೆಮ್ಮು ನಿಂತೈತಿ" ಎಂದಿದ್ದಳು.

ಒಂದು ದಿನ ನಾನು ಮೆಣಸಿನಕಾಯಿ ತುಂಬಿಕೊಳ್ಳುತ್ತಿದ್ದಾಗ ಅವಳೊಂದು ಕಾಯಿ ಮುರಿದು ಮೂಸಿ, ನನ್ನ ಚೀಲದಲ್ಲಿದ್ದುದನ್ನು ರಾಶಿಗೆ ತಿರುಗಿ ಸುರಿದಳು. "ಒಯ್ಯಬ್ಯಾಡ್ರಿ. ಹ್ವಾದ ವರ್ಷದ ಕಾಯಿ. ಬಣ್ಣಷ್ಟ ಐತಿ, ವಾಸನಿ ಇಲ್ಲ. ಮನ್ಯಾಗ ಅಕ್ಕಾರು ಬೈತಾರ."

ನನಗೆ ಎಂಥ ಸಂತೋಷವೆಂದರೆ, ಅಂಗಡಿಯ ಅಭಿಪ್ರಾಯ ಪುಸ್ತಕ ತೆರೆದು ವಾರ, ವೇಳೆ, ಅವಳ ಹೆಸರು, ಅವಳಾಡಿದ ಮಾತು ಎಲ್ಲ ಬರೆದು, 'ಇಂಥ ಪ್ರಾಮಾಣಿಕರನ್ನು ಇನ್ನೂ ನೇಮಿಸಿಕೊಳ್ಳಿ' ಎಂಬುದರ ಕೆಳಗೆ ಎರಡು ಗೆರೆ ಎಳೆದೆ.

ಮುಂದಿನ ಸೋಮವಾರ ಅಲ್ಲಿ ಬೇರೊಬ್ಬಳು ನಿಂತಿದ್ದಳು. ಮ್ಯಾನೇಜರು ಕೈಮುಗಿದರು. "ನೀವು ಬರದದ್ದು ಮಾಲಕರು ಓದಿದ್ರು ಸರ್. ಅವತ್ತ ಆಕಿನ್ನ ಬಿಡಿಸಿದ್ರು."

"ಆ ಹಾಳಿ ಹರದುಬಿಡ್ರಿ. ಆಕಿನ್ನ ತಿರುಗಿ ಕರೀರಿ."

"ಹೆಂಗ ಹರೀಲಿ? ಪುಟಕ್ಕ ನಂಬರ್ ಹಾಕ್ರಿ, ಯಾರೂ ಹಾಳಿ ಹರೀಬಾರದು ಅಂತ ಮೊದಲನೇ ಪುಟದಾಗ ನೀವ ಬರದೀರಲ್ರಿ."

ಮಾಲೀಕರ ಬಳಿಗೂ ಹೋದೆ. ಚಹಾ ಕೊಟ್ಟು ಕಳಿಸಿದರು.

ಅದಕ್ಕೇ ಇಂದು ಖಾಲಿ ಡಬ್ಬಿಯ ನೆಪದಲ್ಲಿ ಬ್ಯಾಡಗಿಯ ಬಸ್ಸು ಹತ್ತಿದೆ. ಅವಳು ಹಳೆಯ ಕೆಲಸಕ್ಕೇ ಮರಳಿ, ಮೆಣಸಿನಕಾಯಿಯ ಕೆಂಪು ರಾಶಿಯ ನಡುವೆ, ಬಾಯಿಗೆ ಸೆರಗು ಕಟ್ಟಿಕೊಂಡು ಕುಳಿತಿದ್ದಳು. ಕೆಮ್ಮು ತಿರುಗಿ ಬಂದಿತ್ತು. "ತಪ್ಪಾತವ್ವ" ಎಂದೆ.

"ಹೊಗಳಿ ಬರದಿದ್ರಂತ ಸರ್. ಅಕ್ಷರ ಭಾಳ ಛಂದ ಅದಾವ ಅಂದ್ರು ಮ್ಯಾನೇಜರು." ನಾನು ಚೀಲ ಮುಂದೆ ಮಾಡಿದೆ. ಒಳ್ಳೆಯ ಕಾಯಿ ಆರಿಸಿ ಚೀಲ ತುಂಬಿಸಿದಳು. "ಒಂದು ಮಾತು. ಇನ್ನ ಎಲ್ಲೂ ನನ್ನ ಹೆಸರು ಬರೀಬ್ಯಾಡ್ರಿ."

ಸಂಜೆ ತೊಟ್ಟು ಬಿಡಿಸಲು ನಾನೇ ಕುಳಿತೆ. ಕಾಲು ಭಾಗ ಮುಗಿಯುವಷ್ಟರಲ್ಲಿ ಸೀನು, ಕೆಮ್ಮು, ಕಣ್ಣೀರು. "ಏಳ್ರಿ, ನಾ ಮಾಡ್ತೇನಿ" ಎಂದಳು ಹೆಂಡತಿ. ಏಳದೆ ಮುಗಿಸಿದೆ. ಆಮೇಲೆ ದಿನಚರಿ ತೆರೆದು ವಾರ, ವೇಳೆ ಹಾಕಿ, ಹಾಜರಿಯಲ್ಲಿ ಒಂದು ಹೆಸರಿನ ಜಾಗ ಖಾಲಿ ಬಿಟ್ಟು, ಪೆನ್ನಿನ ಮುಚ್ಚಳ ಹಾಕಿದೆ.